ಬಿಕ್ಕಳಿಕೆಗೆ ಮ್ಯಾಟಿನಿ

ನಮ್ಮೂರಿನಿಂದ ಬಸ್ಸು ಹತ್ತುವವರಿಗೆ ಯಾರೂ "ಹೋಗಿ ಬಾ, ನಮ್ಮನ್ನ ನೆನಪಿಟ್ಕೋ" ಅನ್ನುವುದಿಲ್ಲ. ಹಾಗೆ ಅಂದರೆ ಶಾಪ ಹಾಕಿದ ಹಾಗೆ. "ಮರ್ತುಬಿಡಪ್ಪ ನಮ್ಮನ್ನ, ತಣ್ಣಗಿರು" ಎಂದು ತಲೆ ಸವರಿ ಕಳಿಸುತ್ತೇವೆ. ಎಲ್ಲ ಊರಲ್ಲೂ ಬಿಕ್ಕಳಿಕೆ ಬಂದರೆ ಯಾರೋ ನೆನೆಸ್ಕೊಂಡ್ರು ಅಂತಾರಂತೆ, ಒಂದು ಲೋಟ ನೀರು ಕುಡಿದರೆ ಹೋಗುತ್ತದಂತೆ. ಅವರ ಪುಣ್ಯ! ನಮ್ಮೂರಿನದು ಹಾಗಲ್ಲ. ಊರ ಸೇತುವೆಯ ಆಚೆ ಇರುವವರು ಇಲ್ಲಿರುವ ಒಬ್ಬರನ್ನು ಕರುಳು ಹಿಂಡಿದ ಹಾಗೆ ನೆನೆಸಿಕೊಂಡರೆ ಮುಗಿಯಿತು, ಇಲ್ಲಿ ಅವರಿಗೆ ಬಿಕ್ಕಳಿಕೆ ಹತ್ತುತ್ತದೆ. ನೀರಿಗೆ ಹೋಗುವುದಿಲ್ಲ, ಸಕ್ಕರೆಗೆ ಹೋಗುವುದಿಲ್ಲ, ಉಸಿರು ಬಿಗಿ ಹಿಡಿದರೆ ಹೋಗುವುದಿಲ್ಲ. ಹೆದರಿದರೆ ಮಾತ್ರ ಹೋಗುತ್ತದೆ. ಅದೂ ಹುಸಿ ಭಯ ನಡೆಯುವುದಿಲ್ಲ. ಬೆನ್ನ ಹಿಂದೆ ಬಂದು "ಭೋ" ಅಂದರೆ ಒಂದು ಗಳಿಗೆ ನಿಂತು, ಮತ್ತೆ ಶುರುವಾಗುತ್ತದೆ. ಎದೆ ಝಲ್ಲೆನ್ನಬೇಕು, ಬಾಯಿಂದ ತಾನಾಗಿ ಚೀತ್ಕಾರ ಹೊರಡಬೇಕು. ಇಪ್ಪತ್ತೊಂದು ದಿನದೊಳಗೆ ಹಾಗೆ ಹೆದರದೆ ಬದುಕುಳಿದವರನ್ನು ನಾನಂತೂ ನೋಡಿಲ್ಲ.

ಅದಕ್ಕೇ ನಮ್ಮೂರಿಗೆ ಆಸ್ಪತ್ರೆಗಿಂತ ಮೊದಲು ಟಾಕೀಸು ಬಂತು. ಅದರ ಟಿಕೆಟ್ ಕಿಟಕಿಯಲ್ಲಿ ಕೂರುವವಳು ನಾನು, ಕೆಂಪಾಜಮ್ಮ. ಮೇಲೆ ಕ್ಯಾಬಿನ್ನಿನಲ್ಲಿ ಮೆಷಿನ್ ಓಡಿಸುವವರು ನಮ್ಮೆಜಮಾನರು. ಗಂಡನ ಹೆಸರು ಹೇಳಬಾರದು, ಆದರೆ ನಿಮಗೂ ಗೊತ್ತಾಗಬೇಕಲ್ಲ, ಕಾಳಾಚಾರಿ ಅಂತ. ಮೂವತ್ತೊಂದು ವರ್ಷದಿಂದ ಅವರು ಮೇಲೆ, ನಾನು ಕೆಳಗೆ. ನಮ್ಮಲ್ಲಿ ಸಾಂಸಾರಿಕ ಚಿತ್ರ ಬರುವುದಿಲ್ಲ, ಹಾಡು ಕುಣಿತ ಬರುವುದಿಲ್ಲ. ಬರುವುದೆಲ್ಲ ಹೆದರಿಸುವ ಚಿತ್ರಗಳೇ. ಡಾಕ್ಟರ್ ಜುಬೇದಾ ತಮ್ಮ ಚೀಟಿಯಲ್ಲಿ ಮಾತ್ರೆ ಬರೆದ ಹಾಗೆ ಬರೆದು ಕಳಿಸುತ್ತಾರೆ: "ಬಾವಿಯ ಕೈ, ಮ್ಯಾಟಿನಿ, ಮುಂದಿನ ಸಾಲು, ಒಂದು ಸಲ." ಒಂದು ಸಲವೇ ಯಾಕೆಂದರೆ, ಒಂದು ಸಿನಿಮಾ ಒಬ್ಬರಿಗೆ ಒಂದೇ ಸಲ ನಾಟುತ್ತದೆ. ಬಾವಿಯೊಳಗಿನಿಂದ ಕೊಡದ ಜೊತೆ ಮೇಲೆ ಬರುವ ಕೈಗೆ ಯಾರು ಎರಡನೇ ಸಲ ಹೆದರುತ್ತಾರೆ? ಬಳೆ ಎಷ್ಟಿದೆ ಅಂತ ಎಣಿಸುತ್ತಾರೆ ಅಷ್ಟೆ.

ನೀವು ನಮ್ಮ ಮ್ಯಾಟಿನಿ ನೋಡಬೇಕು ಕಣ್ರೀ! ದೀಪ ಆರುವಾಗ ಹಾಲ್ ತುಂಬ ಹಿಕ್ ಹಿಕ್ ಹಿಕ್, ಮಳೆಗಾಲದ ಕಪ್ಪೆಗಳ ಹಾಗೆ. ಮುದುಕರ ಹಿಕ್ ದಪ್ಪ, ಹೆಂಗಸರದು ಸಣ್ಣ, ಮಕ್ಕಳದು ಚಿಟುಕೆ ಹೊಡೆದ ಹಾಗೆ. ಚಿತ್ರ ಓಡುತ್ತಾ ಓಡುತ್ತಾ ಒಂದು ಜಾಗಕ್ಕೆ ಬರುತ್ತದೆ, ಅಲ್ಲಿ ಎಲ್ಲರೂ ಒಟ್ಟಿಗೆ "ಅಯ್ಯಯ್ಯೋ" ಅಂತ ಕಿರುಚುತ್ತಾರೆ. ಆಮೇಲೆ ನೋಡಿ, ಸೂಜಿ ಬಿದ್ದರೆ ಕೇಳಿಸುವಷ್ಟು ಮೌನ. ಒಂದು ಹಿಕ್ ಇಲ್ಲ! ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ, ಬೆವರು ಒರೆಸಿಕೊಳ್ಳುತ್ತಾರೆ. ಹೊರಗೆ ಬಂದು ನನ್ನ ಕಿಟಕಿಗೆ ತಲೆ ತೂರಿಸಿ "ಕೆಂಪಕ್ಕ, ಏನ್ ಹೆದರಿಸ್ಬಿಟ್ಯೆ ತಾಯಿ, ನೂರು ವರ್ಷ ಬಾಳು" ಎಂದು ಹರಸಿ ಹೋಗುತ್ತಾರೆ. ಯಾವ ಊರಿನ ಟಾಕೀಸಿನವಳಿಗೆ ಸಿಗುತ್ತದೆ ಈ ಮರ್ಯಾದೆ?

ಮಕ್ಕಳಿಗೆಂದು ಒಂದೇ ಚಿತ್ರ ಇತ್ತು, "ಹಿತ್ತಲ ಜೋಕಾಲಿ". ಅಪ್ಪಂದಿರು ದೂರದಲ್ಲಿ ದುಡಿಯುವ ಮಕ್ಕಳಿಗೆ ಐದಾರು ವಯಸ್ಸಿನಲ್ಲಿ ಮೊದಲ ಬಿಕ್ಕಳಿಕೆ ಹತ್ತುತ್ತದೆ. ಆಗ ತೋರಿಸುವುದು ಅದನ್ನೇ. ನಾನೂ ಅದಕ್ಕೇ ಹೆದರಿದ್ದು, ನನ್ನ ಅವ್ವನೂ ಅದಕ್ಕೇ. ಅದರಲ್ಲಿ ದೆವ್ವವಿಲ್ಲ, ರಕ್ತವಿಲ್ಲ. ಒಂದು ಹಿತ್ತಲು, ಮಟಮಟ ಮಧ್ಯಾಹ್ನ, ನುಗ್ಗೆಮರಕ್ಕೆ ಕಟ್ಟಿದ ಖಾಲಿ ಜೋಕಾಲಿ. ಅದು ತಾನಾಗಿ ತೂಗುತ್ತಿರುತ್ತದೆ. ಗಾಳಿ ಇರಬೇಕು ಅಂದುಕೊಳ್ಳುತ್ತೇವೆ. ಮುಂದೆ, ಹಿಂದೆ, ಮುಂದೆ, ಹಿಂದೆ. ಆಮೇಲೆ ಯಾರೋ ಎರಡು ಕಾಲು ಊರಿ ನಿಲ್ಲಿಸಿದ ಹಾಗೆ ಗಕ್ಕನೆ ನಿಂತುಬಿಡುತ್ತದೆ. ಅಷ್ಟೇ! ಬರೆಯುವಾಗಲೂ ನನ್ನ ತೋಳಿನ ರೋಮ ಎದ್ದು ನಿಂತಿದೆ. ನಮ್ಮೆಜಮಾನರು ಆ ಪ್ರಿಂಟನ್ನು ಹೆತ್ತ ಮಗುವಿನ ಹಾಗೆ ಸಾಕಿದ್ದರು. ನಮಗೆ ಮಕ್ಕಳಿಲ್ಲ, ಅದೂ ಒಂದು ಇರಬಹುದು. ಪ್ರತಿ ಅಮಾವಾಸ್ಯೆ ಹಳೇ ಬನಿಯನ್ ಬಟ್ಟೆಯಿಂದ ಅದರ ಮೈ ಒರೆಸಿ, ತವರದ ಡಬ್ಬಿಯಲ್ಲಿಟ್ಟು, ಡಬ್ಬಿಗೆ ಕೈ ಮುಗಿಯುತ್ತಿದ್ದರು. ಇಷ್ಟು ವರ್ಷದಲ್ಲಿ ಅದರ ಮೇಲೆ ಒಂದು ಗೀರು ಬಿದ್ದಿರಲಿಲ್ಲ. ನನ್ನ ಮೈ ಮೇಲೆ ಎಷ್ಟು ಗೀರಿದೆ ಅಂತ ಆ ಮನುಷ್ಯ ಯಾವತ್ತಾದರೂ ನೋಡಿದ್ದಾರೆಯೇ?

ನನ್ನ ಸಿಟ್ಟೆಲ್ಲ ಇಲ್ಲೇ ಇತ್ತು. ವರ್ಷಕ್ಕೊಮ್ಮೆ ಅವರು ಹೊಸ ಚಿತ್ರ ಆರಿಸಲು ಪಟ್ಟಣಕ್ಕೆ ನಾಲ್ಕು ದಿನ ಹೋಗುತ್ತಾರೆ. ಮೂವತ್ತೊಂದು ಸಲ ಹೋಗಿದ್ದಾರೆ. ನನಗೆ ಒಂದು ಸಲ, ಒಂದೇ ಒಂದು ಸಲ, ಹಿಕ್ ಅಂದಿಲ್ಲ! ಪಕ್ಕದ ಮನೆಯವಳ ಗಂಡ ಸೇತುವೆ ದಾಟಿ ಹತ್ತು ಹೆಜ್ಜೆ ಹೋಗುವುದರೊಳಗೆ ಅವಳು ಬಿಕ್ಕಳಿಸುತ್ತಾ ಟಿಕೆಟ್‌ಗೆ ಬಂದು ನಿಲ್ಲುತ್ತಾಳೆ, ಮುಖದ ತುಂಬ ನಾಚಿಕೆ, ಜಂಬ. ನಾನು ಹಲ್ಲು ಕಡಿದುಕೊಂಡು ಟಿಕೆಟ್ ಹರಿದು ಕೊಡುತ್ತೇನೆ. ನಮ್ಮವರದು ಕಲ್ಲೆದೆ, ಆ ಎದೆಯಲ್ಲಿ ರೀಲು ಬಿಟ್ಟು ಬೇರೇನೂ ಸುತ್ತುವುದಿಲ್ಲ ಎಂದು ತೀರ್ಮಾನಿಸಿದ್ದೆ.

ಮೊನ್ನೆ ಸುಗ್ಗಿಗೆ ಮುಂಚೆ ತಂಗಿಯ ಮಗಳ ಬಾಣಂತನಕ್ಕೆ ನಾನು ಹೊರಟೆ. ಊರು ಬಿಡುವ ಮುನ್ನ ಗಂಡ ಹೆಂಡತಿ ಜಗಳವಾಡಿಯೇ ಹೊರಡುವುದು ನಮ್ಮಲ್ಲಿ ಪದ್ಧತಿ, ಸಿಟ್ಟಿದ್ದರೆ ನೆನಪು ಕಡಿಮೆ ಅಂತ. ಎಷ್ಟೋ ಜನ ಸುಮ್ಮನೆ ಶಾಸ್ತ್ರಕ್ಕೆ ಬೈದುಕೊಳ್ಳುತ್ತಾರೆ. ನಾನು ಶಾಸ್ತ್ರಕ್ಕೆ ಬೈಯಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಮುಂದೆ "ನಿಮ್ಮಂಥ ಕಟುಕರನ್ನ ನಾನ್ಯಾಕ್ರೀ ನೆನೆಸ್ಕೊಳ್ಲಿ? ಆ ಜೋಕಾಲಿ ಡಬ್ಬಿನೇ ತಬ್ಕೊಂಡು ಮಲ್ಕೊಳ್ಳಿ" ಅಂದೆ. ಅವರು "ಆಯ್ತು ಕಣೇ, ಮರ್ತುಬಿಡು" ಅಂದರು. ತಣ್ಣಗೆ!

ತಂಗಿಯ ಮನೆಯಲ್ಲಿ ಎರಡು ವಾರ ಚೆನ್ನಾಗಿಯೇ ಇದ್ದೆ. ಒಂದು ದಿನ ಮಧ್ಯಾಹ್ನ ಹಿತಕಿದ ಅವರೆಬೇಳೆ ಸಾರು ಮಾಡಿದ್ದರು. ತಟ್ಟೆ ಮುಂದೆ ಕೂತೆ. ಕ್ಯಾಬಿನ್ನಿನ ಏಣಿ ಮೆಟ್ಟಿಲ ಮೇಲೆ ಕೂತು, ಒಂದು ಕಣ್ಣು ಮೆಷಿನ್ ಮೇಲಿಟ್ಟು, ಮುದ್ದೆ ಮುರಿಯುತ್ತಾ, "ಕೆಂಪಿ, ಉಪ್ಪು ಒಂದ್ ಕಲ್ ಕಮ್ಮಿ" ಅನ್ನುವ ಅವರ ದನಿ ಕಿವಿಗೆ ಬಿತ್ತು. ಈಗ ಯಾರು ಊಟ ಕೊಡುತ್ತಿದ್ದಾರೋ ಅನ್ನಿಸಿತು. ಅಯ್ಯೋ, ಕರುಳು ಕಿತ್ತು ಬಂತು! ಕಣ್ಣೀರು ತಟ್ಟೆಗೇ ಬಿತ್ತು. ತಟ್ಟನೆ ಎಚ್ಚೆತ್ತು ಕೆನ್ನೆಗೆ ಎರಡು ಏಟು ಹಾಕಿಕೊಂಡೆ, ಅವರ ತಪ್ಪುಗಳನ್ನೆಲ್ಲ ಬೆರಳು ಮಡಚಿ ಲೆಕ್ಕ ಹಾಕಿದೆ. ತಡವಾಗಿತ್ತು.

ಒಂಬತ್ತು ದಿನ ಕಳೆದು ಊರಿಗೆ ಬಂದು ಬಸ್ಸಿಳಿದರೆ, ಗೇಟ್ ಕಾಯುವ ಚೆಲುವಯ್ಯ ಓಡಿ ಬಂದ. "ಕೆಂಪಕ್ಕಾ, ಆಚಾರ್ರಿಗೆ ಬಿಕ್ಕಳಿಕೆ ಹತ್ತಿ ಇವತ್ತಿಗೆ ಒಂಬತ್ ದಿನ! ಯಾವಳೋ ನೆನೆಸ್ಕೊಂಡವ್ಳೆ ಅಂತ ಊರೆಲ್ಲ ಗುಸುಗುಸು. ಪ್ರತಿ ವರ್ಷ ಪಟ್ಣಕ್ಕೆ ಹೋಗ್ತಿದ್ರಲ್ಲ, ಅಲ್ಲೇ ಏನೋ..." ನಾನು ಬೆರಳು ಮಡಚಿದೆ. ಒಂಬತ್ತು ದಿನ. ಅವರೆಬೇಳೆ ಸಾರಿನ ದಿನ. ಯಾವಳೋ ಅಲ್ಲ, ನಾನೇ ಆ ಮಹಾತಾಯಿ! ಬಾಯಿ ಬಿಡಲಿಲ್ಲ. ಹೇಗೆ ಬಿಡಲಿ? ನಾಲ್ಕು ಜನರ ಮುಂದೆ ಕಟುಕ ಅಂದು ಹೋದವಳು, ಸಾರಿನ ತಟ್ಟೆ ಮುಂದೆ ಕಣ್ಣೀರು ಹಾಕಿದೆ ಅಂತ ಹೇಳಲೇ?

ನಮ್ಮೆಜಮಾನರು ಸೊರಗಿದ್ದರು. ಊಟ ಇಳಿಯುತ್ತಿರಲಿಲ್ಲ, ಕೆನ್ನೆ ಒಳಗೆ ಹೋಗಿತ್ತು. ಹಿಕ್ ಅಂದಾಗಲೆಲ್ಲ ಕೈ ಹಾರುತ್ತಿತ್ತು, ಹಾರುವ ಕೈಯಲ್ಲಿ ಮೆಷಿನ್‌ಗೆ ಫಿಲ್ಮ್ ಪೋಣಿಸಲಾಗುವುದಿಲ್ಲ. ಆದರೆ ಷೋ ನಿಲ್ಲಿಸುವ ಹಾಗಿಲ್ಲ, ಊರಿನ ಬಿಕ್ಕಳಿಕೆಗಳು ಕಾದಿವೆ. "ನೀನು ಓಡ್ಸೇ, ಹಿಕ್, ಮೂವತ್ತೊಂದ್ ವರ್ಷ ನೋಡಿದ್ದೀಯಲ್ಲ" ಅಂದರು. ಹಾಗೆ ನಾನು ಮೇಲೆ ಹತ್ತಿದೆ, ಚೆಲುವಯ್ಯ ಟಿಕೆಟ್‌ಗೆ ಕೂತ, ಅವರು ಜೀವಮಾನದಲ್ಲಿ ಮೊದಲ ಸಲ ಹಾಲ್‌ನಲ್ಲಿ ಕುರ್ಚಿ ಹಿಡಿದರು. ಮೊದಲ ಎರಡು ದಿನ ನನಗೆ ಮೆಷಿನ್ ದೀಪದ ಕಾರ್ಬನ್ ಕಡ್ಡಿ ಹೊತ್ತಿಸುವುದರಲ್ಲೇ ಹೆಣ ಬಿತ್ತು. ಮೂರನೇ ದಿನ ಕೈ ಕೂತಿತು. ಸುಳ್ಳು ಯಾಕೆ, ಖುಷಿಯೂ ಆಯಿತು. ಅಲ್ಲಿಂದ ನೋಡಿದರೆ ಜನರ ತಲೆಗಳೆಲ್ಲ ಒಟ್ಟಿಗೆ ಹಿಂದಕ್ಕೆ ಸರಿಯುವುದು ಕಾಣುತ್ತದೆ. ಆಹಾ, ರಾಣಿಯ ಹಾಗೆ!

ಆದರೆ ನಮ್ಮವರು ಹೆದರಬೇಕಲ್ಲ! ಡಾಕ್ಟರ್ ಜುಬೇದಾ ಊರೂರಿಗೆ ಫೋನ್ ಮಾಡಿ ಡಬ್ಬಿ ಮೇಲೆ ಡಬ್ಬಿ ತರಿಸಿದರು. ತಲೆ ಬಾಚಿದಷ್ಟೂ ಮುಗಿಯದ ಕೂದಲಿನ ಚಿತ್ರ ಹಾಕಿದೆವು. ಮನೆಯವರೆಲ್ಲ ಊಟಕ್ಕೆ ಕೂತಾಗ ಊಟದ ಎಲೆ ಒಂದು ಹೆಚ್ಚಾಗಿರುವ ಚಿತ್ರ ಹಾಕಿದೆವು. ಅದನ್ನು ನೋಡಿ ಪೊಲೀಸ್ ದಫೇದಾರರೇ ಚಪ್ಪಲಿ ಬಿಟ್ಟು ಓಡಿದರು. ನಮ್ಮವರು ಕಾಲ ಮೇಲೆ ಕಾಲು ಹಾಕಿಕೊಂಡು, "ಹಿಕ್, ಇಲ್ಲಿ ಅಂಟ್ಸಿದ್ದಾರೆ ನೋಡಿ, ಹಿಕ್, ಈಗ ಮೂಲೇಲಿ ಚುಕ್ಕೆ ಬರುತ್ತೆ, ರೀಲ್ ಬದಲಾಗುತ್ತೆ" ಅನ್ನುತ್ತಿದ್ದರು. ಡಾಕ್ಟರ್ ತಲೆ ಚಚ್ಚಿಕೊಂಡರು. "ಆಚಾರ್ರೇ, ಕಥೆ ನೋಡ್ರೀ ಕಥೆ!" ಅಂದರೆ, "ಕಥೆ ಯಾರಿಗ್ ಬೇಕು ತಾಯಿ, ಹಿಕ್, ಪ್ರಿಂಟ್ ನೋಡಿ ಎಷ್ಟು ಕ್ಲೀನಾಗಿದೆ" ಅನ್ನುವ ಭೂಪ. ಹದಿನೆಂಟನೇ ದಿನ ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಕೈ ಹಿಡಿದರು. "ಕೆಂಪಮ್ಮ, ನನ್ ಹತ್ರ ಇನ್ನು ಚಿತ್ರ ಇಲ್ಲ. ಎದೆ ಬಡಿತ ಸರಿಯಿಲ್ಲ. ಮೂರು ದಿನ ಉಳ್ದಿದೆ."

ನಾನು ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತೆ. ಕೊಂದುಬಿಟ್ಟೆನಲ್ಲ, ಒಂದು ತಟ್ಟೆ ಸಾರಿಗೆ ಗಂಡನನ್ನು ಕೊಂದುಬಿಟ್ಟೆನಲ್ಲ!

ಅದೇ ಮಧ್ಯಾಹ್ನ ಷೋ ನಡುವೆ ಉರಿದು ಸವೆದ ಕಾರ್ಬನ್ ಕಡ್ಡಿ ಮುಂದಕ್ಕೆ ತಳ್ಳುವುದು ಮರೆತು ಪರದೆ ಒಂದು ಕ್ಷಣ ಕತ್ತಲಾಯಿತು. ಜನ ಶಿಳ್ಳೆ ಹೊಡೆದರು. ನಾನು ಕಿಂಡಿಯಿಂದ ಕೆಳಗೆ ನೋಡಿದೆ. ಕಾಲ ಮೇಲೆ ಕಾಲು ಹಾಕಿದ್ದ ಮನುಷ್ಯ ಕುರ್ಚಿಯಿಂದ ಒಂದು ಗೇಣು ಮೇಲೆದ್ದಿದ್ದರು! "ಕಡ್ಡಿ, ಕಡ್ಡಿ ತಳ್ಳೇ!" ಎಂದು ಕೂಗಿದರು. ನಾಲ್ಕು ಉಸಿರಿನಷ್ಟು ಹೊತ್ತು ಬಿಕ್ಕಳಿಕೆ ಇಲ್ಲ. ಬೆಳಕು ಬಂತು, ಕೂತರು, ಹಿಕ್. ಸಿಕ್ಕಿತು! ಈ ಮನುಷ್ಯನ ದೆವ್ವ ಬಾವಿಯಲ್ಲಿಲ್ಲ, ಮೆಷಿನ್‌ನಲ್ಲಿದೆ.

ಮಾರನೆಯ ದಿನ ಬೇಕೆಂದೇ ಎರಡು ಸಲ ಕತ್ತಲು ಮಾಡಿದೆ. ಮೊದಲ ಸಲ ಸ್ವಲ್ಪ ಎದ್ದರು, ಎರಡನೇ ಸಲ ಏಳಲೇ ಇಲ್ಲ. ಹೇಗೂ ಸರಿಹೋಗುತ್ತದೆ ಅಂತ ಅವರಿಗೆ ಗೊತ್ತು. ಸರಿಹೋಗುವಂಥದ್ದಕ್ಕೆ ಯಾರೂ ಸಾಯುವಷ್ಟು ಹೆದರುವುದಿಲ್ಲ. ಸರಿಹೋಗದಂಥದ್ದು ಆಗಬೇಕು. ಮೆಷಿನ್‌ಗೆ ಅಂಥದ್ದು ಒಂದೇ. ಫಿಲ್ಮ್ ಓಡುತ್ತಲೇ ಇರಬೇಕು. ದೀಪದ ಮುಂದೆ ಅರೆಗಳಿಗೆ ನಿಂತರೆ ಸುಟ್ಟುಹೋಗುತ್ತದೆ. ಯಾವ ಫಿಲ್ಮ್ ಅನ್ನುವುದನ್ನು ನಾನು ಯೋಚಿಸಲೇ ಬೇಕಾಗಿರಲಿಲ್ಲ. ಕಪಾಟಿನೊಳಗೆ ತವರದ ಡಬ್ಬಿ ನನ್ನನ್ನೇ ನೋಡುತ್ತಿತ್ತು.

ಇಪ್ಪತ್ತನೇ ದಿನ "ಹಿತ್ತಲ ಜೋಕಾಲಿ" ಹಾಕಬೇಕಾದ ದಿನವೇ ಆಗಿತ್ತು. ಹನ್ನೊಂದು ಮಕ್ಕಳು, ಅವರ ಅವ್ವಂದಿರು, ಮುಂದಿನ ಎರಡು ಸಾಲು ತುಂಬ ಚಿಟುಕೆ ಹಿಕ್ಕುಗಳು. ಅದೂ ನನ್ನ ಎದೆಯ ಮೇಲೆ ಕಲ್ಲಾಗಿ ಕೂತಿತು. ಜೋಕಾಲಿ ನಿಲ್ಲುವ ಮೊದಲೇ ಸುಟ್ಟರೆ ಈ ಮಕ್ಕಳ ಗತಿ? ನಿಂತ ಮೇಲೆ ಸುಟ್ಟರೆ ಸರಿ, ಆದರೆ ಅರೆಗಳಿಗೆ ಆಚೀಚೆಯಾದರೆ? ನಮ್ಮವರನ್ನು ಚೆಲುವಯ್ಯ ತೋಳು ಹಿಡಿದು ತಂದು ನಡುವಿನ ಕುರ್ಚಿಯಲ್ಲಿ ಕೂರಿಸಿದ. ಕೂರುವ ಮುಂಚೆ ತಿರುಗಿ ಕಿಂಡಿಯ ಕಡೆ ನೋಡಿ ಕೈ ಎತ್ತಿದರು. "ಹುಷಾರು ಕಣೇ, ಹಿಕ್, ಅದೊಂದ್ ಪ್ರಿಂಟ್ ಹುಷಾರು." ಅಂದರೆ ತಾನು ಹೋದ ಮೇಲೂ ಅದು ಉಳಿಯಬೇಕು ಅಂತ. ನನ್ನ ಕಣ್ಣು ಮಂಜಾಯಿತು, ಸೆರಗಲ್ಲಿ ಒರೆಸಿಕೊಂಡೆ, ಹಲ್ಲು ಕಚ್ಚಿದೆ.

ಚಿತ್ರ ಶುರುವಾಯಿತು. ಹಿತ್ತಲು. ಮಧ್ಯಾಹ್ನ. ಜೋಕಾಲಿ ಮುಂದೆ, ಹಿಂದೆ. ಮೆಷಿನ್‌ನಲ್ಲಿ ಮೋಟಾರು ನಿಂತರೆ ದೀಪಕ್ಕೆ ಅಡ್ಡವಾಗಿ ತಾನಾಗಿ ಬೀಳುವ ಒಂದು ತಗಡು ಇದೆ, ಫಿಲ್ಮ್ ಸುಡಬಾರದು ಅಂತ. ಎಡಗೈಯಲ್ಲಿ ಆ ತಗಡನ್ನು ಎತ್ತಿ ಹಿಡಿದೆ. ಬಲಗೈ ಮೋಟಾರಿನ ಸ್ವಿಚ್ ಮೇಲೆ. ಬೆರಳು ಚುರುಚುರು ಸುಡುತ್ತಿತ್ತು. ಮುಂದೆ, ಹಿಂದೆ. ಕೆಳಗೆ ಹಿಕ್, ಹಿಕ್. ಮುಂದೆ, ಹಿಂದೆ. "ಕಾಳಮ್ಮ ತಾಯಿ, ಕ್ಷಮ್ಸು" ಅಂದೆ. ಜೋಕಾಲಿ ಗಕ್ಕನೆ ನಿಂತಿತು. ನಾನೂ ನಿಲ್ಲಿಸಿದೆ.

ಪರದೆಯ ಮೇಲೆ, ನಿಂತ ಜೋಕಾಲಿಯ ಮಣೆಯ ಮೇಲೆ ಸರಿಯಾಗಿ, ಒಂದು ಕಂದು ಚುಕ್ಕೆ ಮೂಡಿತು. ಅದು ಹಪ್ಪಳದ ಹಾಗೆ ಉಬ್ಬಿತು, ಗುಳ್ಳೆ ಎದ್ದಿತು, ನಡುವೆ ಬಿಳಿ ತೂತು ಬಿದ್ದು ಹರಡಿತು. ಜೋಕಾಲಿ, ನುಗ್ಗೆಮರ, ಹಿತ್ತಲು ಎಲ್ಲವನ್ನೂ ನುಂಗಿತು. ಆಗ ಹಾಲ್ ನಡುವಿನಿಂದ ಒಂದು ಕೂಗು ಎದ್ದಿತು ನೋಡಿ! ಮೂವತ್ತೊಂದು ವರ್ಷ ಆ ಟಾಕೀಸಿನಲ್ಲಿ ಎಂತೆಂಥ ಚೀತ್ಕಾರ ಕೇಳಿದ್ದೇನೆ, ಅಂಥದ್ದು ಕೇಳಿಲ್ಲ. ಅರವತ್ತು ದಾಟಿದ ಗಂಡಸು, ಎರಡು ಕೈಯಲ್ಲೂ ತಲೆ ಹಿಡಿದುಕೊಂಡು, ಮಗು ಬಾವಿಗೆ ಬಿದ್ದುದನ್ನು ಕಂಡವರ ಹಾಗೆ "ಅಯ್ಯೋ ನನ್ನವ್ವಾ" ಎಂದು ಕೂಗಿದ ಕೂಗು. ಆ ಕೂಗಿಗೆ ಹನ್ನೊಂದು ಮಕ್ಕಳೂ ಕಿಟಾರನೆ ಕಿರುಚಿದವು, ಅವ್ವಂದಿರು ಕಿರುಚಿದರು, ಬಾಗಿಲಲ್ಲಿ ಚೆಲುವಯ್ಯ ಟಾರ್ಚು ಕೆಳಗೆ ಹಾಕಿ ಕಿರುಚಿದ. ಡಾಕ್ಟರ್ ಜುಬೇದಾ ಕೂಡ! ಆಮೇಲೆ ಮೌನ. ನಾನು ಕಿಂಡಿಗೆ ಕಿವಿ ಕೊಟ್ಟು ನಿಂತೆ. ಒಂದು ಉಸಿರು. ಹತ್ತು ಉಸಿರು. ಇಪ್ಪತ್ತು. ಇಡೀ ಹಾಲ್‌ನಲ್ಲಿ ಒಂದು ಹಿಕ್ ಇಲ್ಲ. ನಾನು ಕ್ಯಾಬಿನ್ನಿನಲ್ಲಿ ಒಬ್ಬಳೇ ಕುಣಿದುಬಿಟ್ಟೆ ಕಣ್ರೀ, ಈ ವಯಸ್ಸಿನಲ್ಲಿ!

ಕುಣಿತ ಮುಗಿಯುವುದರೊಳಗೆ ಅವರು ಏಣಿ ಹತ್ತಿ ಬಂದಿದ್ದರು. ಸುಟ್ಟ ವಾಸನೆ. ದೀಪದ ಮುಂದೆ ನೇತಾಡುತ್ತಿದ್ದ ಕಪ್ಪು ತುಂಡು. ತಗಡು ಹಿಡಿದು ಬೊಬ್ಬೆ ಎದ್ದಿದ್ದ ನನ್ನ ಎಡಗೈ. ಮೂರನ್ನೂ ನೋಡಿದರು. ಆಪರೇಟರ್ ಅಲ್ಲವೇ, ಒಂದೇ ನೋಟಕ್ಕೆ ಎಲ್ಲ ಗೊತ್ತಾಯಿತು. "ಬೇಕೂಂತ ಸುಟ್ಯಾ?" ಅಂದರು. ಹೊಡೆದರೂ ಹೊಡೆಯಲಿ ಅಂತ ನಿಂತೆ. "ಹೂಂ ಕಣ್ರೀ, ಸುಟ್ಟೆ. ಬಿಕ್ಕಳಿಕೆ ಬರ್ಸಿದ್ದೂ ನಾನೇ. ಯಾವಳೋ ಅಲ್ಲ, ನಾನೇ. ತಂಗಿ ಮನೇಲಿ ಅವರೆಬೇಳೆ ಸಾರ್ ಮುಂದೆ ನೆನೆಸ್ಕೊಂಡ್ಬಿಟ್ಟೆ. ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ. ನಿಮ್ಗಂತೂ ಮೂವತ್ತೊಂದ್ ವರ್ಷದಲ್ಲಿ ಒಂದ್ ಸಲ ನನ್ ನೆನಪಾಗ್ಲಿಲ್ಲ!" ಅಳು ಒತ್ತರಿಸಿ ಬಂತು.

ಅವರು ಮೆಟ್ಟಿಲ ಮೇಲೆ ಕುಸಿದು ಕೂತರು. ಸುಟ್ಟ ತುಂಡನ್ನು ಬೆರಳಲ್ಲಿ ಸವರಿದರು. ಆಮೇಲೆ ತಲೆ ಎತ್ತದೆಯೇ ಹೇಳಿದರು: "ಹುಚ್ಚಿ. ಪಟ್ಣದಲ್ಲಿ ಆ ನಾಲ್ಕು ದಿನ ನಾನು ಏನ್ ಮಾಡ್ತೀನಿ ಗೊತ್ತೇನೇ? ನಿನ್ ಮುಖ ಕಣ್ಮುಂದೆ ಬಂತು ಅಂದ್ರೆ ಸಾಕು, ಹದಿನಾರರ ಮಗ್ಗಿ ಹೇಳೋಕೆ ಶುರು ಮಾಡ್ತೀನಿ. ಹದಿನಾರ್ ಒಂದ್ಲೆ ಹದಿನಾರು, ಹದಿನಾರ್ ಎರಡ್ಲೆ ಮೂವತ್ತೆರಡು. ರಸ್ತೇಲಿ, ಹೋಟ್ಲಲ್ಲಿ, ಹಾಸ್ಗೇಲಿ. ಜನ ನನ್ನ ಲೂಸು ಅಂತಾರೆ. ನಿನ್ಗೆ ಬಿಕ್ಕಳಿಕೆ ಬಂದ್ರೆ ಇಲ್ಲಿ ಮೆಷಿನ್ ಓಡಿಸೋರು ಯಾರಿದ್ರು? ನಾನ್ ಬರೋ ತನಕ ನೀನು ಬಿಕ್ಕುತ್ತಾ ಒದ್ದಾಡ್ಬೇಕಿತ್ತಲ್ಲ." ನಾನು ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತೆ. ಅವರು ನನ್ನ ಬೊಬ್ಬೆಯ ಕೈ ಹಿಡಿದು ಊದಿದರು.

ಜೋಕಾಲಿ ನಿಲ್ಲುವ ತುಂಡೇ ಸುಟ್ಟ ಮೇಲೆ, ಈಗ ಊರಿನ ಮಕ್ಕಳಿಗೆ ಬೇರೆ "ಜೋಕಾಲಿ" ಬೇಕಲ್ಲ. ದೂರದ ಒಂದು ಹಳೇ ಗೋದಾಮಿನಲ್ಲಿ ಇನ್ನೊಂದು ಪ್ರಿಂಟ್ ಇರಬಹುದು ಎಂದು ಸುದ್ದಿ ಬಂತು. ಹೋಗಿ ಬರಲು ಹತ್ತು ದಿನ. ಮೈಯಲ್ಲಿ ಸ್ವಲ್ಪ ಕಸುವು ಬಂದ ಮೇಲೆ ಅವರೇ ಹೊರಟರು. ಬಸ್ ಸ್ಟ್ಯಾಂಡಿನಲ್ಲಿ ಜಗಳ ಕೇಳಲು ಜನ ಸೇರಿದ್ದರು, ಚೆಲುವಯ್ಯ ಮುಂದೆಯೇ ನಿಂತಿದ್ದ. ಜಗಳ ಬರಲಿಲ್ಲ ನನಗೆ. ಎಷ್ಟು ಹುಡುಕಿದರೂ ಒಂದು ಬೈಗುಳ ಸಿಗಲಿಲ್ಲ. "ಮರ್ತುಬಿಡ್ರೀ ನನ್ನ" ಅಂದೆ, ಶಾಸ್ತ್ರಕ್ಕೆ. ಅವರು ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಆಮೇಲೆ, "ಈಗ ಮೆಷಿನ್ ಓಡ್ಸೋಕೆ ನಿನ್ಗೂ ಬರುತ್ತಲ್ಲ" ಅಂದರು. ಬಸ್ಸು ಹೊರಟಿತು.

ಸೇತುವೆಯ ಆಚೆ ಬಸ್ಸಿನ ಧೂಳು ಇನ್ನೂ ಕೂತಿರಲಿಲ್ಲ. ನಾನು ಮ್ಯಾಟಿನಿಗೆ ಟಿಕೆಟ್ ಕಿಟಕಿ ತೆಗೆದು, ಸಾಲಿನಲ್ಲಿ ಮೊದಲು ನಿಂತಿದ್ದ ಪಕ್ಕದ ಮನೆಯವಳಿಗೆ "ಎಷ್ಟು ಟಿಕೆಟ್..." ಎನ್ನುವುದರೊಳಗೆ ಎದೆಯ ಗೂಡಿನಿಂದ ಏನೋ ಎದ್ದು ಬಂತು. ಹಿಕ್! ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮತ್ತೆ ಹಿಕ್! ಅಯ್ಯಯ್ಯೋ, ಎಂಥ ಹಿಕ್ ಅಂತೀರಿ, ಕಿಟಕಿಯ ಸರಳು ಅದುರಿತು! ಅವಳು "ಡಾಕ್ಟ್ರಮ್ಮಾ, ಕೆಂಪಕ್ಕಂಗೆ..." ಎಂದು ಕೂಗುತ್ತಾ ಓಡಿದಳು. ಜುಬೇದಾ ಬಂದರು, ನಕ್ಕರು, ಚೀಟಿ ಬರೆದು ಕೊಟ್ಟರು: ಊಟದ ಎಲೆ ಒಂದು ಹೆಚ್ಚಾಗಿರುವ ಚಿತ್ರ, ಇವತ್ತೇ, ಮೆಷಿನ್ ಓಡಿಸುತ್ತಲೇ ಕಿಂಡಿಯಿಂದ. ಅದನ್ನು ಕ್ಯಾಬಿನ್ನಿನಿಂದ ಓಡಿಸಿದ್ದೆನೇ ಹೊರತು, ನಾನಿನ್ನೂ ಸರಿಯಾಗಿ ನೋಡಿರಲಿಲ್ಲ.

"ಡಾಕ್ಟ್ರೇ, ಹಿಕ್, ಇಪ್ಪತ್ತೊಂದು ದಿನ ಇದೆಯಲ್ಲ" ಅಂದೆ. "ಅವ್ರು ಹತ್ತು ದಿನಕ್ಕೆ ಬರ್ತಾರೆ. ಬಂದ್ಮೇಲೆ ಹೆದರಿದ್ರಾಯ್ತು ಬಿಡಿ." ಚೀಟಿಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡೆ. ಸಾಲು ಉದ್ದವಾಗಿತ್ತು, ನಾನು ಬಿಕ್ಕಳಿಸುತ್ತಲೇ ಟಿಕೆಟ್ ಹರಿದು ಕೊಟ್ಟೆ. ಹದಿನಾರ್ ಏಳ್ಲೆ ಎಷ್ಟು ಅನ್ನುವುದು ನಮ್ಮೆಜಮಾನರಿಗೆ ಮರೆತುಹೋಗಿರಬೇಕು.